ಅಭ್ಯಾಸ ಆತೇನಪಾ?

ಕಳೆದ ಮಾರ್ಚಿನ ಒಂದು ರವಿವಾರ ಮುಂಜಾನೆ ಕುಂದಗೋಳದಿಂದ ಅಕ್ಕನ ಫೋನು ಬಂತು. ಅದೂ ಇದೂ ಮಾತಾಡಿ, ಶೇಂಗಾದ ದರ ಹೇಳಿ, ಕೊನೆಗೆ ಕೇಳಬೇಕಾದ್ದನ್ನು ಕೇಳಿದಳು.

"ತಮ್ಮಾ, ಪುಣೆದಾಗ ರಿಸಲ್ಟ್ ಭಾಳ ತಡಾ ಮಾಡ್ತಾರೇನೋ? ಪರೀಕ್ಷಾ ಮುಗದು ಎರಡು ತಿಂಗಳಾತು. ಇವನ್ನ ಕೇಳಿದ್ರ ಇನ್ನೂ ಬಂದಿಲ್ಲ ಅಂತಾನ."

'ಇವ' ಅಂದರೆ ಅವಳ ಒಬ್ಬನೇ ಮಗ. ಜೆಇಇ ಅಂಕದ ಮೇಲೆ ಪುಣೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕು, ಹೋದ ವರ್ಷ ಆಗಸ್ಟಿನಲ್ಲಿ ಬಂದವನು. ಕಾಲೇಜಿನ ಹತ್ತಿರವೇ ಮೂವರು ಹುಡುಗರ ಜೊತೆ ರೂಮು ಮಾಡಿಕೊಂಡಿದ್ದಾನೆ. ಅಲ್ಲಿಂದ ಚಿಂಚವಡದ ನಮ್ಮ ಮನೆಗೆ ಎರಡು ಬಸ್ಸು ಬದಲಿಸಿದರೆ ಒಂದೂವರೆ ಗಂಟೆ.

ಅಕ್ಕನಿಗೆ ತಕ್ಷಣ ಉತ್ತರ ಕೊಡಲಾಗಲಿಲ್ಲ. ಯಾಕೆಂದರೆ ರಿಸಲ್ಟ್ ಬಂದು ಹತ್ತು ದಿನವಾಗಿತ್ತು. ನನ್ನ ಸಹೋದ್ಯೋಗಿಯ ಮಗಳೂ ಅದೇ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದಲ್ಲಿದ್ದಾಳೆ. ಅವರು ಆಫೀಸಿನಲ್ಲಿ ಪೇಢೆ ಹಂಚಿದ್ದರು, ನಾನೂ ಒಂದು ತಿಂದಿದ್ದೆ. "ವಿಚಾರಿಸಿ ಹೇಳ್ತೇನಿ ಅಕ್ಕಾ" ಅಂದು ಫೋನ್ ಇಟ್ಟೆ. ಇಟ್ಟ ಮೇಲೆ ಹೊಟ್ಟೆಯೊಳಗೆ ಏನೋ ಕಿವುಚಿದಂತಾಯಿತು. ಈ ಸುಳ್ಳು ನನಗೆ ಹೊಸದಲ್ಲ. 25 ವರ್ಷಗಳ ಹಿಂದೆ ಇದನ್ನೇ ನಾನೂ ಹೇಳಿದ್ದೆ.

ಎಟಿಕೆಟಿ ಎಂಬ ಶಬ್ದ

ಅಂದೇ ಸಂಜೆ ಹುಡುಗನನ್ನು ಊಟಕ್ಕೆ ಕರೆದೆ. ರೊಟ್ಟಿ, ಎಣಗಾಯಿ ಪಲ್ಯ. ಅರ್ಧ ರೊಟ್ಟಿ ಮುರಿದು ಕೂತ. ನಾನು ಏನೂ ಕೇಳಲಿಲ್ಲ. ನನ್ನ ಹೆಂಡತಿ ಒಳಗೆ ಹೋದ ಮೇಲೆ ತಾನೇ ಬಾಯಿ ಬಿಟ್ಟ.

"ಮಾಮಾ, ಎರಡು ಎಟಿಕೆಟಿ ಬಿದ್ದಾವು. ಎಂ-ಒನ್, ಮೆಕ್ಯಾನಿಕ್ಸ್."

ಮಹಾರಾಷ್ಟ್ರಕ್ಕೆ ಹೊಸದಾಗಿ ಬಂದವರಿಗೆ ಈ ಶಬ್ದ ತಿಳಿಯುವುದಿಲ್ಲ. ಅಲೌಡ್ ಟು ಕೀಪ್ ಟರ್ಮ್ಸ್. ಕೆಲವು ವಿಷಯಗಳು ಬಾಕಿ ಉಳಿದರೂ ಅವನ್ನು ಹೊತ್ತುಕೊಂಡೇ ಮುಂದಿನ ತರಗತಿಯಲ್ಲಿ ಕೂಡಬಹುದು ಎಂಬ ಪರವಾನಗಿ. ನಮ್ಮ ಕಡೆ ಬ್ಯಾಕ್‌ಲಾಗ್ ಅನ್ನುತ್ತೇವೆ. ಅದಕ್ಕೊಂದು ಮಿತಿ ಇದೆ. ಮಿತಿ ದಾಟಿದರೆ ವರ್ಷವೇ ಹೋಗುತ್ತದೆ. ಹುಡುಗರು ಮಾತ್ರ ಇದನ್ನು ನೆಗಡಿ ಬಂದಷ್ಟು ಸಲೀಸಾಗಿ ಹೇಳುತ್ತಾರೆ. ಇವನಿಗೆ ಹಾಗೆ ಹೇಳಲಾಗಲಿಲ್ಲ. ಹನ್ನೆರಡನೆಯ ತರಗತಿಯವರೆಗೆ ಊರಿನಲ್ಲಿ ಹೆಸರು ಮಾಡಿದ ಹುಡುಗ. ಸೋತ ಅನುಭವವೇ ಇರಲಿಲ್ಲ.

"ನಾ ಓದಿಲ್ಲಂತ ತಿಳೀಬ್ಯಾಡ ಮಾಮಾ. ಕಡೀ ಹದಿನೈದು ದಿನ ದಿನಕ್ಕ ಏಳೇಳು ತಾಸು ಓದೇನಿ. ಪೇಪರ್ ನೋಡಿದ ಕೂಡ್ಲೇ ಎಲ್ಲಾ ಗೊತ್ತಿದ್ದಂಗ ಅನಸ್ತು. ಬರೀಲಿಕ್ಕೆ ಹೋದ್ರ ಏನೂ ಬರಲಿಲ್ಲ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಆ ಡಿಸೆಂಬರಿನಲ್ಲಿ ಸವಾಯಿ ಗಂಧರ್ವ ಉತ್ಸವಕ್ಕೆ ಬಾ ಎಂದು ಕರೆದಾಗಲೂ ಪರೀಕ್ಷೆಯೆಂದು ಬಂದಿರಲಿಲ್ಲ. ಕುಂದಗೋಳದ ಹುಡುಗನಿಗೆ ಪುಣೆಯಲ್ಲಿ ಅದೊಂದು ತವರಿನ ಹಬ್ಬ. 1953ರಲ್ಲಿ ಭೀಮಸೇನ ಜೋಶಿಯವರು ತಮ್ಮ ಗುರುಗಳ ಹೆಸರಿನಲ್ಲಿ ಇಲ್ಲಿ ಶುರು ಮಾಡಿದ್ದು. ಗುರುಗಳ ಊರು ನಮ್ಮ ಕುಂದಗೋಳ. ಗದುಗಿನ ಹುಡುಗ ಭೀಮಸೇನರು ಕುಂದಗೋಳದಲ್ಲಿ ಗುರುವಿನ ಮನೆಯಲ್ಲಿದ್ದು ವರ್ಷಗಟ್ಟಲೆ ಕಲಿತ ಮೇಲೆ ಸಭೆಗೆ ಕೂತರು. ಕಛೇರಿಯ ಹಿಂದಿನ ಹದಿನೈದು ದಿನ ಏಳೇಳು ತಾಸು ಹಾಡಿ ಯಾರೂ ಗವಾಯಿ ಆದದ್ದಿಲ್ಲ. ಎಂಜಿನಿಯರಿಂಗ್ ಮಾತ್ರ ಹಾಗೆ ಆಗುತ್ತದೆ ಎಂದು ಅದು ಹೇಗೋ ನಾವೆಲ್ಲ ನಂಬಿಬಿಟ್ಟಿದ್ದೇವೆ.

ಗಂಟೆಗಳ ಲೆಕ್ಕ

ಊಟವಾದ ಮೇಲೆ ಒಂದು ಹಾಳೆ ತೆಗೆದುಕೊಂಡು ಇಬ್ಬರೂ ಕೂತೆವು. ನಾನು ಕಾರ್ಖಾನೆಯಲ್ಲಿ ಪ್ರೊಡಕ್ಷನ್ ಪ್ಲಾನಿಂಗ್ ನೋಡುವವನು. ಮಾಲು ಯಾಕೆ ತಡವಾಯಿತು ಎಂದು ಬೈಯುವುದಕ್ಕಿಂತ ಮೊದಲು ಗಂಟೆಗಳ ಲೆಕ್ಕ ಹಾಕುವುದು ನನ್ನ ರೂಢಿ.

ಈಗ ದೇಶದ ಹೊಸ ಕ್ರೆಡಿಟ್ ಚೌಕಟ್ಟಿನಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆಗಳ ಕಲಿಕೆ. ವರ್ಷಕ್ಕೆ 40 ಕ್ರೆಡಿಟ್, ಅಂದರೆ 1200 ಗಂಟೆ. ಒಂದು ಸೆಮಿಸ್ಟರಿಗೆ 20 ಕ್ರೆಡಿಟ್, 600 ಗಂಟೆ. ಪಾಠ ನಡೆಯುವುದು ಸುಮಾರು 15 ವಾರ ಎಂದು ಹಿಡಿದರೆ ವಾರಕ್ಕೆ 40 ಗಂಟೆ.

ಅದರಲ್ಲಿ ತರಗತಿ ಎಷ್ಟು? 14 ಕ್ರೆಡಿಟ್ ಪಾಠದ್ದು ಎಂದರೆ ವಾರಕ್ಕೆ 14 ಗಂಟೆ. 6 ಕ್ರೆಡಿಟ್ ಲ್ಯಾಬಿನದು, ಲ್ಯಾಬಿಗೆ ಎರಡು ಪಟ್ಟು ಸಮಯ, ಅದು 12 ಗಂಟೆ. ಒಟ್ಟು 26. ಉಳಿದ 14 ಗಂಟೆ ವಿದ್ಯಾರ್ಥಿಯ ಸ್ವಂತ ಕೆಲಸದ್ದು. ಅಂದರೆ ದಿನಕ್ಕೆ ಎರಡು ಗಂಟೆ, ರವಿವಾರವೂ ಸೇರಿ.

ಈ ಎರಡು ಗಂಟೆಯನ್ನು ಟೈಮ್‌ಟೇಬಲ್‌ನಲ್ಲಿ ಯಾರೂ ಬರೆದು ಕೊಡುವುದಿಲ್ಲ. ಹೈಸ್ಕೂಲಿನಲ್ಲಿ ಮಾಸ್ತರರು ಹೋಮ್‌ವರ್ಕ್ ಕೊಡುತ್ತಿದ್ದರು, ಮಾಡದಿದ್ದರೆ ಹೊರಗೆ ನಿಲ್ಲಿಸುತ್ತಿದ್ದರು. ಪಿಯುಸಿಯಲ್ಲಿ ಕೋಚಿಂಗಿನವರು ವಾರಕ್ಕೊಂದು ಟೆಸ್ಟ್ ಇಡುತ್ತಿದ್ದರು. ಕಾಲೇಜಿಗೆ ಬಂದಾಗ ಆ ಬೆತ್ತವೂ ಇಲ್ಲ, ಆ ಟೆಸ್ಟೂ ಇಲ್ಲ. ಸ್ವಾತಂತ್ರ್ಯ ಸಿಕ್ಕಿತೆಂದು ಹುಡುಗರು ತಿಳಿಯುತ್ತಾರೆ. ನಿಜವಾಗಿ ಮಾಸ್ತರರ ಕೈಯ ಕೆಲಸ ಇವರ ಕೈಗೆ ಬಂದಿರುತ್ತದೆ, ಅಷ್ಟೇ.

ದಿನಕ್ಕೆ ಎರಡು ಗಂಟೆಯಂತೆ 15 ವಾರಕ್ಕೆ 210 ಗಂಟೆ. ಅದನ್ನು ಕೊನೆಯ 15 ದಿನಕ್ಕೆ ತಳ್ಳಿದರೆ ದಿನಕ್ಕೆ 14 ಗಂಟೆ ಓದಬೇಕು. ಇವನು ಓದಿದ್ದು ಏಳು. ಸರಿಯಾಗಿ ಅರ್ಧ.

ಹಾಳೆಯನ್ನು ಬಹಳ ಹೊತ್ತು ನೋಡಿದ. "ಅಂದ್ರ ನಾ ದಡ್ಡ ಅಂತಲ್ಲ" ಅಂದ, ಪ್ರಶ್ನೆಯಂತೆ. ಆ ಹತ್ತು ದಿನ ಅವನನ್ನು ತಿನ್ನುತ್ತಿದ್ದದ್ದು ಅದೇ ಎಂದು ನನಗೆ ಆಗ ತಿಳಿಯಿತು. ಹೊಸ ಊರಿನಲ್ಲಿ ಫೇಲಾದ ಹುಡುಗ ಮೊದಲು ಅನುಮಾನಿಸುವುದು ತನ್ನ ತಲೆಯನ್ನು. ಗಂಟೆ ಎಣಿಸುವುದು ಆಮೇಲೆ.

ನೋಡಿದ್ದು ಬೇರೆ, ಬರುವುದು ಬೇರೆ

ಆದರೆ ಗಂಟೆ ಮಾತ್ರ ಸಾಲದು. ಓದಿದ ಏಳು ತಾಸಿನಲ್ಲಿ ಏನು ಮಾಡುತ್ತಿದ್ದ ಎಂದು ಕೇಳಿದೆ. ಗೆಳೆಯನ ನೋಟ್ಸಿನ ಫೋಟೋ ತೆಗೆದುಕೊಂಡು ಮೂರು ಮೂರು ಸಲ ಓದುವುದು. ಹಳದಿ ಪೆನ್ನಿನಿಂದ ಗೆರೆ ಎಳೆಯುವುದು. ಯೂಟ್ಯೂಬಿನಲ್ಲಿ ಲೆಕ್ಕ ಬಿಡಿಸುವ ವಿಡಿಯೋವನ್ನು ಎರಡು ಪಟ್ಟು ವೇಗದಲ್ಲಿ ನೋಡುವುದು. ಕೈಯಲ್ಲಿ ಪೆನ್ನು ಹಿಡಿದು ತಾನೇ ಬಿಡಿಸಿದ ಲೆಕ್ಕ ಎಷ್ಟು? ಉತ್ತರ ಬರಲಿಲ್ಲ. ಬಾವಿಯ ಕಟ್ಟೆ ಮೇಲೆ ಕೂತು ಬೇರೆಯವರ ಈಜು ನೋಡಿದ ಹಾಗಾಯಿತು.

2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಸರಳ ಪ್ರಯೋಗ ಮಾಡಿ ಪ್ರಕಟಿಸಿದರು. ಒಂದು ಪಾಠವನ್ನು ಎಲ್ಲರೂ ಓದಿದರು. ಆಮೇಲೆ ಒಂದು ಸಲ ಅದನ್ನೇ ಮತ್ತೆ ಓದಿಸಿದರು, ಇನ್ನೊಂದು ಸಲ ಪುಸ್ತಕ ಮುಚ್ಚಿಸಿ ನೆನಪಿದ್ದಷ್ಟು ಬರೆಸಿದರು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಅವರಿಗೆ ಶೇ. 81 ನೆನಪಿತ್ತು, ಮುಚ್ಚಿ ಬರೆದವರಿಗೆ ಶೇ. 75. ಒಂದು ವಾರ ಬಿಟ್ಟು ಪರೀಕ್ಷಿಸಿದಾಗ ಲೆಕ್ಕ ತಿರುಗಿತು. ಮತ್ತೆ ಓದಿದವರಿಗೆ ಶೇ. 42, ಮುಚ್ಚಿ ಬರೆದವರಿಗೆ ಶೇ. 56.

ಸೋದರಳಿಯನಿಗೆ ಆದದ್ದು ಇದೇ. ರಾತ್ರಿ ಓದಿದಾಗ ಎಲ್ಲ ಬಂದಂತೆ ಅನಿಸುತ್ತದೆ. ಅದು ಮುಖ ಪರಿಚಯವಷ್ಟೇ. ದಾರಿಯಲ್ಲಿ ಸಿಕ್ಕವರ ಮುಖ ಗುರುತು ಹತ್ತುತ್ತದೆ, ಹೆಸರು ಮಾತ್ರ ನಾಲಿಗೆಗೆ ಬರುವುದಿಲ್ಲ. ಪರೀಕ್ಷೆಯಲ್ಲಿ ಕೇಳುವುದು ಹೆಸರನ್ನು.

ಇದಕ್ಕೆ ವಿದೇಶದ ಪ್ರಯೋಗವೇ ಬೇಕಿರಲಿಲ್ಲ. ಕನ್ನಡದಲ್ಲಿ 'ಪಾಠ ಒಪ್ಪಿಸುವುದು' ಎಂಬ ಮಾತಿದೆ. ಸಂಜೆ ದೀಪ ಹಚ್ಚಿದ ಮೇಲೆ ನಮ್ಮಪ್ಪ ಕಟ್ಟೆಯ ಮೇಲೆ ಕೂತು ನಮ್ಮಿಂದ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದ. ಪುಸ್ತಕ ಅಪ್ಪನ ಕೈಯಲ್ಲಿ, ಮಗ್ಗಿ ನಮ್ಮ ಬಾಯಲ್ಲಿ. ತಪ್ಪಿದರೆ ಮೊದಲಿಂದ. ಅದನ್ನು ಬಾಯಿಪಾಠ ಎಂದು ನಾವು ಹೀಗಳೆಯುತ್ತೇವೆ. ಆದರೆ ಪುಸ್ತಕ ಮುಚ್ಚಿ ತನ್ನೊಳಗಿನಿಂದ ತೆಗೆದು ಕೊಡುವ ಆ ಪದ್ಧತಿಯಲ್ಲಿ ಒಂದು ಸತ್ವ ಇತ್ತು. ಅರ್ಥ ತಿಳಿಯದೆ ಒಪ್ಪಿಸುವುದು ಗಿಳಿಪಾಠ. ಅರ್ಥ ತಿಳಿದು ತನ್ನ ಮಾತಿನಲ್ಲಿ ಒಪ್ಪಿಸಿದರೆ ಅದೇ ವಿದ್ಯೆ.

ಆ ರಾತ್ರಿ ಒಂದು ಕರಾರು ಮಾಡಿಕೊಂಡೆವು. ದಿನಾ ತರಗತಿಯಿಂದ ಬಂದು, ಅಂದಿನ ಪಾಠವನ್ನು ಪುಸ್ತಕ ನೋಡದೆ ಒಂದು ಪುಟದಲ್ಲಿ ಬರೆಯುವುದು. ಬರದ ಜಾಗ ಖಾಲಿ ಬಿಟ್ಟು ಆಮೇಲೆ ಪುಸ್ತಕ ತೆರೆದು ತುಂಬುವುದು. ದಿನಕ್ಕೆ ಗಣಿತದ ಐದು ಲೆಕ್ಕ, ಉತ್ತರ ಮುಚ್ಚಿ. ಆ ಎರಡು ಗಂಟೆ ಫೋನು ಬೇರೆ ಕೋಣೆಯಲ್ಲಿ. ರವಿವಾರ ಸಂಜೆ ವಾರದ ಒಂದು ಪಾಠವನ್ನು ನನಗೆ ಫೋನಿನಲ್ಲಿ ಒಪ್ಪಿಸುವುದು, ಕನ್ನಡದಲ್ಲಿ.

ಜಿಟಿ ಮತ್ತು ಜಿಪಿಟಿ

ಎರಡನೆಯ ವಾರ ಅವನ ರೂಮಿಗೆ ಹೋಗಿದ್ದೆ. ಮೇಜಿನ ಮೇಲೆ ಅಸೈನ್‌ಮೆಂಟುಗಳ ಫೈಲು. ಅಕ್ಷರ ಮುತ್ತಿನಂತೆ. ಒಂದು ಲೆಕ್ಕ ತೋರಿಸಿ "ಈ ಸಾಲಿನಿಂದ ಈ ಸಾಲಿಗೆ ಹೆಂಗ ಬಂತು?" ಎಂದೆ. ನಾಲ್ವರು ಹುಡುಗರೂ ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬನು ಮೊದಲು ಚಾಟ್‌ಜಿಪಿಟಿಗೆ ಕೇಳಿ ಬರೆದಿದ್ದ, ಮೂವರು ಅವನದನ್ನು ನೋಡಿ ಇಳಿಸಿಕೊಂಡಿದ್ದರು.

ಬೈಯಲು ನನಗೆ ನೈತಿಕ ಹಕ್ಕಿರಲಿಲ್ಲ. ನಮ್ಮ ಕಾಲದಲ್ಲಿ ಡ್ರಾಯಿಂಗ್ ಶೀಟಿಗೆ ಗಾಜಿನ ಕೆಳಗೆ ಬಲ್ಬು ಹಚ್ಚಿ, ಗೆಳೆಯನ ಹಾಳೆಯ ಮೇಲೆ ನಮ್ಮ ಹಾಳೆ ಇಟ್ಟು ಗೆರೆ ಎಳೆಯುತ್ತಿದ್ದೆವು. ಗ್ಲಾಸ್ ಟ್ರೇಸಿಂಗ್. ಇಲ್ಲಿನ ಹುಡುಗರ ಬಾಯಲ್ಲಿ ಅದು ಜಿಟಿ. ನಮ್ಮದು ಜಿಟಿ, ಇವರದು ಜಿಪಿಟಿ. ಒಂದು ಅಕ್ಷರ ಹೆಚ್ಚು, ಕಲಿತದ್ದು ಎರಡರಲ್ಲೂ ಸೊನ್ನೆ. ಮೊದಲ ಸೆಮಿಸ್ಟರಿನ ಡ್ರಾಯಿಂಗ್ ಪರೀಕ್ಷೆಗೆ ಗಾಜೂ ಇಲ್ಲದೆ ಬಲ್ಬೂ ಇಲ್ಲದೆ ಕೂತಾಗ ನನ್ನ ಕೈ ನಡುಗಿದ್ದು ಇನ್ನೂ ನೆನಪಿದೆ.

ಆ ಯಂತ್ರವನ್ನು ಬಿಟ್ಟುಬಿಡು ಎಂದು ನಾನು ಹೇಳಲಿಲ್ಲ. ನಾಳೆ ನೌಕರಿಯಲ್ಲಿ ಅದು ಬೇಕೇ ಬೇಕು. ಹೇಳಿದ್ದು ಇಷ್ಟು: ಮೊದಲು ನೀನು ಬಿಡಿಸು, ಸಿಕ್ಕಿಕೊಂಡ ಜಾಗ ಗುರುತು ಮಾಡು, ಆ ಜಾಗವನ್ನಷ್ಟೇ ಕೇಳು. ಪೂರ್ತಿ ಉತ್ತರ ಕೇಳಿದರೆ ಆ ಹತ್ತು ಅಂಕ ಯಂತ್ರಕ್ಕೆ ಸಿಕ್ಕ ಹಾಗೆ. ನಿನ್ನ ಕಾಲೇಜಿನಲ್ಲಿ ಒಳಪರೀಕ್ಷೆಗೆ 30, ಕೊನೆಯ ಪರೀಕ್ಷೆಗೆ 70. ಆ 70ರ ಹಾಲ್‌ನಲ್ಲಿ ನೀನೊಬ್ಬನೇ ಇರುತ್ತಿ.

ಹಾಜರಿಯ ವಿಷಯವೂ ಹೀಗೆಯೇ. 75 ಶೇಕಡಾ ಹಾಜರಿ ಬೇಕು ಎಂದರೆ 25 ಶೇಕಡಾ ರಜೆ ಹಕ್ಕಿನದು ಎಂದು ಹುಡುಗರು ಓದಿಕೊಳ್ಳುತ್ತಾರೆ. ಇವನದು ಸರಿಯಾಗಿ 76 ಇತ್ತು. ಲೆಕ್ಕದಲ್ಲಿ ಜಾಣ! ಅಂದರೆ ನಾಲ್ಕು ಪಾಠದಲ್ಲಿ ಒಂದು ಇಲ್ಲ. ನಾಲ್ಕು ಮೆಟ್ಟಿಲಿಗೊಂದು ಮೆಟ್ಟಿಲಿಲ್ಲದ ಏಣಿ. ಕಥೆ ಹೇಳುವ ವಿಷಯದಲ್ಲಿ ನಡೆದೀತು, ಗಣಿತದಲ್ಲಿ ನಡೆಯುವುದಿಲ್ಲ. ಇನ್ನೊಂದು ಮಾತು ಕೇಳಿ ನನಗೆ ಆಶ್ಚರ್ಯವಾಯಿತು. ಸಿಲೆಬಸ್ ಹಾಳೆಯನ್ನು ಅವನು ಮೊದಲ ಸಲ ನೋಡಿದ್ದು ನವೆಂಬರಿನಲ್ಲಿ. ಯಾವ ಘಟಕ, ಎಷ್ಟು ಅಂಕ, ಯಾವ ಪುಸ್ತಕ ಎಂಬುದೆಲ್ಲ ಮೊದಲ ದಿನವೇ ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಇರುತ್ತದೆ. ಹಳೆಯ ಪ್ರಶ್ನೆಪತ್ರಿಕೆಗಳೂ ಹುಡುಕಿದರೆ ಸಿಗುತ್ತವೆ. ಬಸ್ಸಿನ ಬೋರ್ಡು ಓದದೆ ಹತ್ತಿ ಕೂತು, ಇಳಿಯುವ ಹೊತ್ತಿಗೆ ಊರು ಯಾವುದು ಎಂದು ಕೇಳಿದ ಹಾಗೆ.

ಮೂರು ಭಾಷೆಗಳ ನಡುವೆ ಒಂದು ಪ್ರಶ್ನೆ

"ತಿಳೀದಿದ್ರ ಸರ್‌ನ ಕೇಳಬೇಕಿತ್ತು" ಎಂದಾಗ ಅವನು ಹೇಳಿದ ಉತ್ತರ ಈ ಅಂಕಣ ಓದುವ ಬಹಳ ಮಂದಿಗೆ ಗೊತ್ತಿರುವಂಥದ್ದೇ. ಪಾಠ ಇಂಗ್ಲಿಷಿನಲ್ಲಿ ಶುರುವಾಗುತ್ತದೆ. ಗಂಟು ಬಿಡಿಸುವ ಹೊತ್ತಿಗೆ ಮರಾಠಿಗೆ ತಿರುಗುತ್ತದೆ. ನಗೆಚಾಟಿಕೆ ಪೂರ್ತಿ ಮರಾಠಿ. ಇವನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷಿನಲ್ಲಿ ಕೇಳಿದರೆ ತಪ್ಪಾದೀತೆಂಬ ಅಂಜಿಕೆ, ಹಿಂದಿಯಲ್ಲಿ ಕೇಳಿದರೆ ಲಿಂಗ ತಪ್ಪಿ ನಗುತ್ತಾರೆಂಬ ಸಂಕೋಚ, ಮರಾಠಿ ಬರುವುದಿಲ್ಲ. ಇಡೀ ಸೆಮಿಸ್ಟರಿನಲ್ಲಿ ತರಗತಿಯಲ್ಲಿ ಒಂದೂ ಪ್ರಶ್ನೆ ಕೇಳಿರಲಿಲ್ಲ.

ಮುರಿದದ್ದು ನನ್ನ ಉಪದೇಶದಿಂದಲ್ಲ, ಅವನ ಅವ್ವನಿಂದ.

ನಾನು ಟೂರಿನ ಮೇಲಿದ್ದ ಒಂದು ರವಿವಾರ ಅವನು ಪಾಠ ಒಪ್ಪಿಸಲು ಅಕ್ಕನಿಗೆ ಫೋನ್ ಮಾಡಿದ. ಅಂದಿನ ಪಾಠ ಘರ್ಷಣೆ. ಅಕ್ಕ ಏಳನೆಯ ತರಗತಿಯವರೆಗೆ ಓದಿದವಳು, ಆದರೆ ಹೊಲಮನೆ ಕಂಡವಳು. ಇಳಿಜಾರಿನ ಮೇಲೆ ಇಟ್ಟ ಪೆಟ್ಟಿಗೆ ಯಾವಾಗ ಜಾರುತ್ತದೆ ಎಂದು ಇವನು ವಿವರಿಸಿದ. ಎಲ್ಲ ಕೇಳಿ ಅವಳು ಒಂದೇ ಪ್ರಶ್ನೆ ಕೇಳಿದಳಂತೆ: "ಪೆಟಗಿ ನಿಲ್ಲೋ ಇಳಿಜಾರಿನ್ಯಾಗ ಚಕ್ಕಡಿ ಯಾಕ ನಿಲ್ಲೂದಿಲ್ಲ? ಗಾಲಿಗೆ ಕಲ್ಲ ಕೊಡಬೇಕಾಗತೈತಲ್ಲ?"

ಇವನಿಗೆ ಬರಲಿಲ್ಲ. ಪುಸ್ತಕದಲ್ಲಿ ಹುಡುಕಿದ, ಅರ್ಧಂಬರ್ಧ ಸಿಕ್ಕಿತು. ಅವ್ವನಿಗೆ ಉತ್ತರ ಹೇಳಲೇಬೇಕು. ಮರುದಿನ ಊಟದ ಬಿಡುವಿನಲ್ಲಿ ಮೆಕ್ಯಾನಿಕ್ಸ್ ಮೇಡಂ ಇದ್ದ ಕೋಣೆಯ ಬಾಗಿಲಲ್ಲಿ ನಿಂತ. ಹರಕು ಇಂಗ್ಲಿಷು, ಅದಕ್ಕಿಂತ ಹರಕು ಹಿಂದಿ, ಉಳಿದದ್ದು ಕೈಸನ್ನೆ. ಅವರು ಹಾಳೆ ತೆಗೆದುಕೊಂಡು ಚಿತ್ರ ಬರೆದು ತೋರಿಸಿದರು. ಪೆಟ್ಟಿಗೆ ಜಾರಬೇಕು, ಗಾಲಿ ಉರುಳುತ್ತದೆ. ಘರ್ಷಣಾ ಗುಣಾಂಕ 0.3 ಇದ್ದರೆ ಪೆಟ್ಟಿಗೆ ಸುಮಾರು 17 ಡಿಗ್ರಿ ಇಳಿಜಾರಿನವರೆಗೂ ನಿಲ್ಲುತ್ತದೆ. ಉರುಳುವುದಕ್ಕೆ ಎದುರಾಗುವ ತಡೆ ಅದಕ್ಕಿಂತ ಎಷ್ಟೋ ಕಡಿಮೆ. ಅದಕ್ಕೇ ಸಣ್ಣ ಇಳಿಜಾರಿಗೂ ಚಕ್ಕಡಿ ಹೊರಡುತ್ತದೆ, ಅದಕ್ಕೇ ಕಲ್ಲು. ಕೊನೆಗೆ ಮರಾಠಿಯಲ್ಲಿ ಅಂದರಂತೆ: "ಅರೇ, ಆಧೀ ಕಾ ನಾಹೀ ವಿಚಾರಲಸ್?" ಮೊದಲೇ ಯಾಕೆ ಕೇಳಲಿಲ್ಲ?

ಮಾಸ್ತರರ ಕೆಲಸ ಪಾಠ ಹೇಳುವುದು. ತಿಳಿಯಲಿಲ್ಲ ಎಂದು ತಿಳಿಸುವುದು ವಿದ್ಯಾರ್ಥಿಯ ಕೆಲಸ. ಎಂಬತ್ತು ಹುಡುಗರ ತರಗತಿಯಲ್ಲಿ ಹಿಂದಿನ ಬೆಂಚಿನ ಮೌನವನ್ನು ಯಾರು ಓದಬಲ್ಲರು? ಈಗ ಅವನು ಹೋಗುವ ಮೊದಲು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಾನೆ. ಭಾಷೆ ತಡವರಿಸಿದರೆ ಚೀಟಿ ಮುಂದಿಡುತ್ತಾನೆ. ಜೊತೆಗೆ ರೂಮಿನ ಲಾತೂರಿನ ಹುಡುಗನಿಂದ ಮರಾಠಿ ಕಲಿಯುತ್ತಿದ್ದಾನೆ, ಬದಲಿಗೆ ಅವನಿಗೆ ಪ್ರೋಗ್ರಾಮಿಂಗ್ ಹೇಳಿಕೊಡುತ್ತಾನೆ.

ಅಭ್ಯಾಸಿಕಾ

ರೂಮಿನಲ್ಲಿ ನಾಲ್ವರು, ಒಂದೇ ಮೇಜು. ಒಬ್ಬನಿಗೆ ಕ್ರಿಕೆಟ್ಟು, ಒಬ್ಬನಿಗೆ ವಿಡಿಯೋ ಕಾಲು. ಎರಡು ಗಂಟೆ ಎಲ್ಲಿ ಕೂಡಬೇಕು? ಇದಕ್ಕೆ ಪುಣೆಯಲ್ಲೇ ಉತ್ತರ ಇದೆ. ಸದಾಶಿವ ಪೇಠ, ನವಿ ಪೇಠ ಕಡೆ ಗಲ್ಲಿಗಲ್ಲಿಗೆ 'ಅಭ್ಯಾಸಿಕಾ' ಎಂಬ ಬೋರ್ಡು ಕಾಣುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹಳ್ಳಿ ಹುಡುಗರಿಗಾಗಿ ಹುಟ್ಟಿದ ಓದುವ ಕೋಣೆಗಳು. ತಿಂಗಳ ಬಾಡಿಗೆ ಕೊಟ್ಟರೆ ಒಂದು ಕುರ್ಚಿ, ಒಂದು ಮೇಜು, ಒಂದು ದೀಪ. ಮಾತು ನಿಷಿದ್ಧ. ಇವನಿಗೆ ಅಷ್ಟು ದೂರ ಬೇಕಾಗಲಿಲ್ಲ. ಕಾಲೇಜಿನ ಲೈಬ್ರರಿಯ ರೀಡಿಂಗ್ ಹಾಲ್ ಸಂಜೆ ಖಾಲಿ ಇರುತ್ತಿತ್ತು. ತರಗತಿ ಮುಗಿದ ಕೂಡಲೇ ರೂಮಿಗೆ ಹೋಗದೆ ನೇರ ಅಲ್ಲಿಗೇ ಹೋಗುವುದು, ಎಂಟಕ್ಕೆ ಎದ್ದು ಬರುವುದು. ಇಚ್ಛಾಶಕ್ತಿಯ ಮಾತು ಇದರಲ್ಲಿ ಕಡಿಮೆ. ದಿನಾ ಅದೇ ಕುರ್ಚಿ, ಅದೇ ಹೊತ್ತು. ಮೂರು ವಾರ ಕಷ್ಟ, ಆಮೇಲೆ ಕಾಲೇ ಅತ್ತ ಎಳೆಯುತ್ತದೆ.

ಮರಾಠಿಯಲ್ಲಿ 'ಅಭ್ಯಾಸ' ಎಂದರೆ ಓದು. ನಮ್ಮ ಧಾರವಾಡದ ಕಡೆಯೂ ಹಾಗೆಯೇ. ಸಂಜೆ ಹಿರಿಯರು "ಅಭ್ಯಾಸ ಆತೇನಪಾ?" ಎಂದರೆ ಓದು ಮುಗಿಯಿತೇ ಎಂದು ಅರ್ಥ. ಪುಸ್ತಕದ ಕನ್ನಡದಲ್ಲಿ ಅಭ್ಯಾಸ ಎಂದರೆ ರೂಢಿ, ದಿನಾ ಮಾಡಿ ಮಾಡಿ ಮೈಗೂಡಿದ್ದು. ನಾನು ಇಪ್ಪತ್ತು ವರ್ಷ ಪುಣೆಯಲ್ಲಿದ್ದೂ ಈ ಎರಡು ಅರ್ಥ ಒಂದೇ ಎಂದು ಯೋಚಿಸಿರಲಿಲ್ಲ. ರೂಢಿಯಾಗದ ಓದು ಓದೇ ಅಲ್ಲ.

ಮನೆಗೆ ಹೇಳುವ ವಿಷಯ

ಇಷ್ಟೆಲ್ಲ ಬರೆದೆ, ಮುಖ್ಯವಾದದ್ದನ್ನು ಬಿಟ್ಟೆ. ಅಕ್ಕನಿಗೆ ಹೇಳಿದ್ದು ಯಾರು?

ಮೊದಲ ರಾತ್ರಿಯೇ ಅವನು ಕೈ ಹಿಡಿದಿದ್ದ. "ಮಾಮಾ, ಅವ್ವಗ ಹೇಳಬ್ಯಾಡ. ಜೂನ್‌ನ್ಯಾಗ ಎರಡೂ ಪಾಸ್ ಮಾಡಿ ನಾನ ಹೇಳ್ತೇನಿ." ಆಗ ನಾನು ಅವನಿಗೆ ನನ್ನ ಕತೆ ಹೇಳಿದೆ.

ಹುಬ್ಬಳ್ಳಿಯಲ್ಲಿ ಹಾಸ್ಟೆಲಿನಲ್ಲಿದ್ದಾಗ ಮೊದಲ ಸೆಮಿಸ್ಟರಿನಲ್ಲಿ ಗಣಿತ, ಡ್ರಾಯಿಂಗ್ ಎರಡೂ ಹೋದವು. ಅಪ್ಪ ಹದಿನೈದು ದಿನಕ್ಕೊಮ್ಮೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಸ್ಸಿನಲ್ಲಿ ಬರುತ್ತಿದ್ದ. ರಿಸಲ್ಟ್ ತಡವಾಗಿದೆ ಎಂದೆ. ಮುಂದಿನ ಸಲವೂ ಅದನ್ನೇ ಹೇಳಿದೆ. ಮೂರನೆಯ ಸಲ ಅಪ್ಪ ಬಂದಾಗ ಕೇಳಲೇ ಇಲ್ಲ. ಬುತ್ತಿ ಕೊಟ್ಟು, ಹೊರಡುವಾಗ ಬಸ್‌ಸ್ಟ್ಯಾಂಡಿನಲ್ಲಿ ಅಂದ: "ಫೇಲಾಗಿದ್ದಕ್ಕ ನನಗ ಬ್ಯಾಸರಿಲ್ಲ. ಸಂತ್ಯಾಗ ಮಂದಿ ಬಾಯಿಂದ ಕೇಳಿದ್ನಲ್ಲ, ಅದಕ್ಕ ಬ್ಯಾಸರಾತು." ನನ್ನ ಫೀಸಿಗೆ ಅಪ್ಪ ಎರಡು ಎಕರೆ ಲಾವಣಿಗೆ ಹಾಕಿದ್ದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಅವನೂ ನನ್ನಿಂದ ಒಂದು ಮುಚ್ಚಿಟ್ಟಿದ್ದ, ಆದರೆ ಅದು ನನ್ನ ಸಲುವಾಗಿ. ನನ್ನದು ನನ್ನ ಸಲುವಾಗಿಯೇ.

ಮುಚ್ಚಿಟ್ಟದ್ದರಿಂದ ನಾಚಿಕೆಗಿಂತ ದೊಡ್ಡ ನಷ್ಟ ಇನ್ನೊಂದಾಗಿತ್ತು. ಆ ಎರಡು ತಿಂಗಳು ನಾನು ಪುಸ್ತಕವನ್ನೇ ಮುಟ್ಟಿರಲಿಲ್ಲ. ಸುಳ್ಳನ್ನು ಕಾಯುವುದೇ ಒಂದು ಪೂರ್ಣಾವಧಿ ಕೆಲಸ. ಓದಲು ಕೂತರೆ ಫೇಲಾದದ್ದು ನೆನಪಾಗುತ್ತದೆ, ಅದಕ್ಕೆ ಓದಲು ಕೂಡುವುದೇ ಬೇಡ ಅನಿಸುತ್ತದೆ.

"ನಾ ಹೇಳೂದಿಲ್ಲ. ಆದ್ರ ಅಕ್ಕ ಕೇಳಿದ್ರ ಸುಳ್ಳೂ ಹೇಳೂದಿಲ್ಲ" ಎಂದೆ. ಮರುದಿನ ಸಂಜೆ ಅವನೇ ಹೇಳಿದ. ಅಕ್ಕ ಅತ್ತಳು. ಸಿಟ್ಟಾಗಿ ಎರಡು ದಿನ ನನ್ನ ಜೊತೆಯೂ ಮಾತಾಡಲಿಲ್ಲ. ಮೂರನೆಯ ದಿನ ಫೋನ್ ಮಾಡಿ, "ಅವ ಊಟಾ ಸರಿ ಮಾಡ್ತಾನೇನು ನೋಡು" ಎಂದಳು.

ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಿಗೆ ಪ್ರತಿ ವರ್ಷ ಆಗಸ್ಟಿನಲ್ಲಿ ಇಂಥ ಹುಡುಗ ಹುಡುಗಿಯರು ಬರುತ್ತಾರೆ. ಅಕ್ಕನ ಮಗ, ಕಾಕಾನ ಮೊಮ್ಮಗಳು, ಊರಿನ ಗೌಡರ ಹುಡುಗ. ಕಾಲೇಜಿನ ಅರ್ಜಿಯಲ್ಲಿ 'ಲೋಕಲ್ ಗಾರ್ಡಿಯನ್' ಎಂದು ಸಹಿ ಹಾಕುತ್ತೇವೆ, ಗಣಪತಿ ಹಬ್ಬಕ್ಕೆ ಊಟಕ್ಕೆ ಕರೆಯುತ್ತೇವೆ, ಮುಗಿಯಿತು. ಆ ಸಹಿಯ ಅರ್ಥ ನನಗೆ ಈ ವರ್ಷ ತಿಳಿಯಿತು. ಓದಿಸುವುದು ನಮ್ಮ ಕೈಯಲ್ಲಿಲ್ಲ. ವಾರಕ್ಕೆ ಅರ್ಧ ಗಂಟೆ ಪಾಠ ಒಪ್ಪಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ನಮಗೆ ಆ ವಿಷಯ ಬರಬೇಕೆಂದೂ ಇಲ್ಲ. ಏಳನೆಯ ತರಗತಿ ಓದಿದ ನನ್ನ ಅಕ್ಕ ಮಾಡಿ ತೋರಿಸಿದ್ದಾಳೆ. ಇನ್ನೊಂದು, ಮೊದಲ ಸೆಮಿಸ್ಟರಿನ ರಿಸಲ್ಟಿನ ಹೊತ್ತಿಗೆ ಒಂದು ಸಲ ಸುಮ್ಮನೆ ಊಟಕ್ಕೆ ಕರೆಯಿರಿ. ಏನೂ ಕೇಳಬೇಡಿ.

ಜೂನಿನ ಪರೀಕ್ಷೆ ಮುಗಿದು ಜುಲೈ ಕೊನೆಗೆ ಫಲಿತಾಂಶ ಬಂತು. ಎರಡನೆಯ ಸೆಮಿಸ್ಟರಿನ ವಿಷಯಗಳೆಲ್ಲ ಪಾಸು. ಬಾಕಿಯಿದ್ದ ಮೆಕ್ಯಾನಿಕ್ಸ್‌ನಲ್ಲಿ 58. ಎಂ-ಒನ್ ಮಾತ್ರ ನಾಲ್ಕು ಅಂಕಕ್ಕೆ ಮತ್ತೆ ಉಳಿಯಿತು, ಡಿಸೆಂಬರಿನಲ್ಲಿ ಇನ್ನೊಮ್ಮೆ ಬರೆಯಬೇಕು. ಹಿಂದಿನ ಪಾಯವೇ ಸಡಿಲಿದ್ದ ವಿಷಯ ಅದು, ಒಂದು ಸೆಮಿಸ್ಟರಿನಲ್ಲಿ ಪೂರ್ತಿ ಕಟ್ಟಲಾಗಲಿಲ್ಲ.

ನನಗೆ ಈ ಸುದ್ದಿ ತಿಳಿದದ್ದು ಅವನಿಂದ ಅಲ್ಲ. ಆಫೀಸಿನಲ್ಲಿದ್ದಾಗ ಕುಂದಗೋಳದಿಂದ ಫೋನು ಬಂತು.

"ತಮ್ಮಾ, ಒಂದು ಉಳದೈತಂತ ನೋಡು. ರಿಸಲ್ಟ್ ಬಂದ ಹತ್ತು ನಿಮಿಷಕ್ಕ ಫೋನ್ ಮಾಡಿ ಅವನ ಹೇಳಿದ." ಒಂದು ಕ್ಷಣ ತಡೆದು ಅಂದಳು, "ಈ ರವಿವಾರ ಗಣಿತಾ ಒಪ್ಪಿಸ್ತಾನಂತ ನನಗ. ಏನರ ತಿಳೀತೈತೋ ಇಲ್ಲೋ, ಕೇಳ್ಕೋತ ಕೂಡ್ತೇನಿ."